ಸನ್ಮಾನಕ್ಕೆಂದು ಇಸ್ತ್ರಿ ಮಾಡಿಟ್ಟ ಶರ್ಟು

ಆದೀ,

ಹಲಸೂರಿನ ಅರ್ಧ ಜನರ ಮೈಯಲ್ಲಿ ಓಡುತ್ತಿರುವುದು ನಿನ್ನ ಗಂಡನ, ಅಂದರೆ ಈ ಚೀಟಿ ಬರೆಯುತ್ತಿರುವವನ, ರಕ್ತವೇ. ಅಂಥ ಹುಲಿ, ಬ್ಲಡ್ ಬ್ಯಾಂಕಿನಿಂದ ಫೋನ್ ಬಂದಾಗಲೆಲ್ಲ ಬಚ್ಚಲು ಸೇರಿಕೊಳ್ಳುತ್ತಿತ್ತು. ಸನ್ಮಾನಕ್ಕೆ ಕರೆಯುತ್ತಿದ್ದಾರೆ ಅಂದದ್ದು ಬುರುಡೆ ಕಣೇ. ಕ್ಯಾಂಪಿನಲ್ಲಿ ಕೊಟ್ಟ ರಕ್ತದಲ್ಲಿ ಏನೋ ಅನುಮಾನವಂತೆ, ಎಚ್‌ಐವಿ ಟೆಸ್ಟ್ ಮತ್ತೆ ಮಾಡಬೇಕಂತೆ.

ನಿನ್ನೆ ನೀನು ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಾ, “ರೀ, ಶಾಲು ಹೊದಿಸೋವಾಗ ಕಣ್ಣು ಮುಚ್ಕೋಬೇಡಿ, ಫೋಟೋ ಹಾಳಾಗುತ್ತೆ” ಅಂದಾಗ ಅವನಿಗೆ ಹೆದರಿಕೆಯನ್ನೂ ಮೀರಿ ನಾಚಿಕೆಯಾಯಿತು. ಅದೇ ಶರ್ಟು ಹಾಕಿಕೊಂಡು ಶಿವಾಜಿನಗರದ ಆಸ್ಪತ್ರೆಗೆ ಹೊರಟಿದ್ದಾನೆ.

ಹಾಲು ಕಾಯಿಸಿಟ್ಟಿದ್ದಾನೆ. ಅಮ್ಮನಿಗೆ ಶಾಲಿನ ಕಥೆಯೇ ಇರಲಿ.

ಸಂಜೆ ಬಾಗಿಲಲ್ಲೇ ಬಡಾಯಿ ಕೊಚ್ಚಿದರೆ ಬೋಂಡಾ ಕರಿ. ಸುಮ್ಮನೆ ನಿಂತಿದ್ದರೆ ಏನೂ ಕೇಳಬೇಡ, ಚಪ್ಪಲಿ ಮೆಟ್ಟಿಕೊ. ಆಮೇಲೆ ಟೆಸ್ಟ್ ಮಾಡಿಸಬೇಕಾದವಳು ನೀನು.