ಮಂಜುಗಡ್ಡೆಯ ಹುಡುಗಿಗೆ ಅತ್ತೆಮ್ಮ ಕಟ್ಟಿದ ಕಾಯಿ

ಅತ್ತೆಮ್ಮಾ,

ನಿಮ್ಮ ಸೊಸೆ ಸವಿತಾ, ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ದೊಡ್ಡ ಸುದ್ದಿಯಿದೆ. ಮೊದಲೇ ಹೇಳಿಬಿಟ್ಟರೆ ನೀವು ಮುಂದಿನದನ್ನು ಓದುವುದಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಸ್ವಲ್ಪ ತಡೆದುಕೊಳ್ಳಿ.

ಆ ಮಧ್ಯಾಹ್ನ ನೆನಪಿದೆಯೇ? ಹಜಾರದಲ್ಲಿ ಕೂತು ಇಬ್ಬರೂ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದೆವು. ಸೀರಿಯಲ್ ಹುಡುಕಲು ಹೋಗಿ ನೀವು ನನ್ನ ಮೊಬೈಲಿನಲ್ಲಿ ಏನನ್ನೋ ಒತ್ತಿದಿರಿ. ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುವ ಹುಡುಗಿಯೊಬ್ಬಳು ಬಂದಳು. ಹದಿನೈದು ವರ್ಷವಂತೆ, ಆಗಲೇ ಚಾಂಪಿಯನ್ ಅಂತೆ. ಹಿಮ್ಮುಖವಾಗಿ ಜಾರಿ ಬಂದವಳು ಚಂಗನೆ ನೆಗೆದು, ಗಾಳಿಯಲ್ಲೇ ನಾಲ್ಕು ಸುತ್ತು ಸುತ್ತಿ, ಒಂಟಿ ಕಾಲಲ್ಲಿ ಇಳಿದು, ಏನೂ ಆಗಿಲ್ಲವೆಂಬಂತೆ ಕೈ ಚಾಚಿಕೊಂಡು ಹೊರಟೇ ಹೋದಳು. ನೀವು ಎತ್ತಿದ ಮಚ್ಚು ಎತ್ತಿದಂತೆಯೇ ನಿಂತಿತ್ತು.

"ಅಯ್ಯೋ ನನ್ ಶಿವ್ನೇ! ಈಳ್ಗೆ ಮಣೆ ಕಾಲಿಗ್ ಕಟ್ಕಂಡು ಬುಗ್ರಿ ತಿರ್ಗ್ದಂಗೆ ತಿರುಗ್ತಾವ್ಳಲ್ಲೇ! ಯಾವ ಪುಣ್ಯಾತ್ಗಿತ್ತಿ ಹೆತ್ಲೇ ಇವ್ಳನ್ನ?"

ಇನ್ನೊಂದು ಸಲ ಹಾಕು ಅಂದಿರಿ, ಮತ್ತೂ ಒಂದು ಸಲ ಹಾಕು ಅಂದಿರಿ. ನಿಮ್ಮ ಮಗ ಬಂದು ಕೆಲಸ ಆಗಿಲ್ಲವೆಂದು ಗೊಣಗಿದರೆ, "ಬಾಯ್ ಮುಚ್ಕಂಡು ನೋಡ್ಲಾ, ಜನ್ಮ ಸಾರ್ಥಕ ಆಯ್ತದೆ" ಅಂದಿರಿ. ಅವತ್ತು ಕೊಬ್ಬರಿ ಮೂಟೆ ಅರ್ಧಕ್ಕೇ ನಿಂತಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು. ಅವಳಿಗೂ ಹದಿನೈದು. ಇನ್ನೂ ಎತ್ತರ ಹಾರುತ್ತಿದ್ದಳು, ನೋಡಿ ಮೈ ಜುಮ್ಮೆಂದಿತು. ನೀವು ಮಾತ್ರ, "ನಮ್ಮುಡ್ಗಿ ಎಲ್ಲೇ?" ಅಂದಿರಿ. ಹುಡುಕಿ ಓದಿ ಹೇಳಿದೆ: ಮೈ ಬೆಳೆಯಿತಂತೆ, ಸೊಂಟಕ್ಕೆ ಪೆಟ್ಟಾಯಿತಂತೆ, ಹದಿನೇಳಕ್ಕೇ ಆಟ ಬಿಟ್ಟಳಂತೆ. ಅವಳ ಕೊನೆಯ ಕುಣಿತದ ವಿಡಿಯೋ ಸಿಕ್ಕಿತು. ಮುಗಿದ ಮೇಲೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು ಕೂಸು.

"ಹದಿನೇಳಕ್ಕೇ ಮುಗುದೋಯ್ತಾ? ನಮ್ ತೆಂಗಿನ್ ಮರ ಆ ವಯಸ್ಗೆ ಈಗಿನ್ನೂ ಮೈದುಂಬ್ಕಂಡು ನಿಂತಿರ್ತದಲ್ಲೇ!"

ಅವತ್ತೇ ಅಲ್ಲವೇ ನೀವು ನಿಮ್ಮ ಕಥೆ ಹೇಳಿದ್ದು? ತುರುವೇಕೆರೆಯ ಸ್ಕೂಲಿನಲ್ಲಿ ಓಟಕ್ಕೆ ಬಿಟ್ಟರೆ ನಿಮ್ಮನ್ನು ಹಿಡಿಯುವವರೇ ಇರಲಿಲ್ಲವಂತೆ. ಒಂಬತ್ತನೇ ಕ್ಲಾಸಿನಲ್ಲಿ ಕಪ್ ಗೆದ್ದಿರಿ, ಆ ಬೇಸಿಗೆಯಲ್ಲೇ ಮದುವೆಯಾಯಿತು. "ಕಪ್ ತೋರ್ಸು ಅಂತ ಎಲ್ರೂ ಕೇಳುದ್ರು ಕಣೇ. ಓಡೋದ್ ಯಾಕ್ ಬುಟ್ಟೆ ಅಂತ ಒಬ್ರೂ ಕೇಳ್ನಿಲ್ಲ" ಅಂದಿರಿ. ಇಷ್ಟು ವರ್ಷ ಒಂದೇ ಒಲೆಯ ಅಡುಗೆ ಉಂಡವಳು ನಾನು, ನಾನಾದರೂ...

ಮಾರನೆಯ ಬೆಳಗ್ಗೆ ನೀವು ಒಳ್ಳೆಯ ಕಾಯೊಂದನ್ನು ಆರಿಸಿ, ಅರಿಶಿನ ಹಚ್ಚಿ, ಹಳದಿ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೂಲೆಯಲ್ಲಿಟ್ಟಿರಿ. ಆ ಹುಡುಗಿ ಮತ್ತೆ ಕುಣಿದ ದಿನ ಊರಮ್ಮನ ಗುಡಿಯಲ್ಲಿ ಒಡೆಸುವ ಹರಕೆ. ನನಗೆ ನಗು ತಡೆಯಲಾಗಲಿಲ್ಲ.

"ಗೆಲ್ಲಲಿ ಅಂತ ಬೇಡ್ಕಂಡ್ರಾ ಅತ್ತೆಮ್ಮಾ?"

"ಗೆಲ್ಲೋದು ಅವ್ಳಿಗೇನ್ ಹೊಸ್ದಾ? ನಗ್ತಾ ಕುಣೀಲಿ ಅಂತ."

"ಹೆಸ್ರೇ ನಿಮ್ ಬಾಯಿಗ್ ಬರಲ್ಲ. ಅಮ್ಮನಿಗೆ ಗುರುತು ಹೆಂಗ್ ಸಿಗ್ತದೆ?"

"ಈಳ್ಗೆ ಮಣೆ ಹುಡ್ಗಿ ಅಂದ್ರೆ ತಿಳೀತದೆ ಬುಡು."

ಆ ಕಾರ್ತಿಕದಲ್ಲಿ ನೀವೇ ನಮ್ಮನ್ನೆಲ್ಲ ಬಿಟ್ಟು ಶಿವನ ಪಾದಕ್ಕೆ ಹೊರಟುಬಿಟ್ಟಿರಿ. ಆಮೇಲೆ ಅಟ್ಟದ ಕಾಯಿ ಎಷ್ಟೋ ಸಲ ಇಳಿದು, ಕೊಬ್ಬರಿಯಾಗಿ ತಿಪಟೂರಿನ ಮಂಡಿಗೆ ಹೋಯಿತು. ಹಳದಿ ಬಟ್ಟೆಯದನ್ನು ಯಾರೂ ಮುಟ್ಟಲಿಲ್ಲ.

ಈಗ ಕೇಳಿ. ಹೋದ ವಾರ ಅವಳು ಮತ್ತೆ ಮಂಜುಗಡ್ಡೆಗೆ ಬಂದಳು! ಇಪ್ಪತ್ತೊಂದು ವರ್ಷದ ಹೆಂಗಸಾಗಿ, ತುಂಬಿದ ಭುಜ, ತುಂಬಿದ ಕೆನ್ನೆ. ನಾಲ್ಕು ಸುತ್ತಿನ ಗೋಜಿಗೆ ಹೋಗಲಿಲ್ಲ, ಮೂರೇ. ಒಂದು ಸಲ ಇಳಿಯುವಾಗ ಕೈ ಮಂಜಿಗೆ ತಾಗಿತು. ಆಮೇಲೆ ಒಂಟಿ ಕಾಲಲ್ಲಿ ಆ ಕೊನೆಯಿಂದ ಈ ಕೊನೆಗೆ ತೇಲಿ ಬಂದಳು ನೋಡಿ, ಅತ್ತೆಮ್ಮಾ, ಅದನ್ನು ಹೇಗೆ ಹೇಳಲಿ? ಹದಿನೈದರಲ್ಲಿ ಹಾರಿದ್ದು ಏನೂ ಅಲ್ಲ ಅನ್ನಿಸಿಬಿಟ್ಟಿತು. ಮುಗಿಸಿ ತಲೆಯೆತ್ತಿ ನಕ್ಕಳು, ಹಲ್ಲೆಲ್ಲ ಕಾಣುವ ಹಾಗೆ. ನಾನು ಕಿರುಚಿದ್ದಕ್ಕೆ ನಿಮ್ಮ ಮಗ "ಚೇಳ್ ಕಚ್ತಾ?" ಅಂತ ತೋಟದಿಂದ ಓಡಿ ಬಂದರು. ಮೊಬೈಲಿನಲ್ಲಿ ಅವಳನ್ನು ನೋಡಿ, ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹಾಕು ಅಂದರು. ಅವಳು ಆರನೆಯವಳಾದಳು. ಪದಕ ಇಲ್ಲ. ಇನ್ನೊಂದು ಸುದ್ದಿ, ಹದಿನೇಳು ತುಂಬದ ಮಕ್ಕಳನ್ನು ಈಗ ದೊಡ್ಡವರ ಸ್ಪರ್ಧೆಗೆ ಇಳಿಸುವುದಿಲ್ಲವಂತೆ.

ನಿನ್ನೆ ಅಟ್ಟ ಹತ್ತಿ ನಿಮ್ಮ ಕಾಯಿ ಇಳಿಸಿದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅಂತು. ನೀರೆಲ್ಲ ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿತ್ತು. ಸುಲಿದು ಗುಡಿಗೆ ಒಯ್ದೆ. ಪೂಜಾರಪ್ಪ, "ಯಾರ್ ಹೆಸ್ರಿಗಮ್ಮಾ?" ಅಂದರು.

"ಇಬ್ರಿಗೆ. ಒಬ್ಳು ಈಳ್ಗೆ ಮಣೆ ಹುಡ್ಗಿ. ಇನ್ನೊಬ್ಳು ಒಂಬತ್ನೇ ಕ್ಲಾಸಿನ ಪುಟ್ಟಲಕ್ಷ್ಮಿ."

ಅವರು ನನ್ನ ಮುಖವನ್ನೇ ನೋಡುತ್ತಾ ಕಲ್ಲಿಗೆ ಕಾಯಿ ಕುಕ್ಕಿದರು. ಚಿಪ್ಪು ಎರಡಾಯಿತು. ಉಂಡೆ ಕೊಬ್ಬರಿ ಒಂದು ಬಿರುಕೂ ಇಲ್ಲದೆ ಹೊರಬಿದ್ದು, ಗುಡಿಯ ಮೆಟ್ಟಿಲಿಳಿದು, ಬೀದಿಗುಂಟ ಉರುಳುತ್ತಾ ಹೋಯಿತು. "ಹಿಡೀರಮ್ಮಾ, ಹಿಡೀರಿ" ಅಂತ ಪೂಜಾರಪ್ಪ ಕೂಗಿದರು.

ನಾನು ಹಿಡಿಯಲಿಲ್ಲ, ಅತ್ತೆಮ್ಮಾ. ಓಡಲಿ ಅಂತ ಬಿಟ್ಟೆ.

ನಿಮ್ಮ ಸೊಸೆ,
ಸವಿತಾ