ನಾನೇ ಬೆರೆಸಿದ ಕೆಂಪು

ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊಸ ಊರಿನ ನೀರು ಮೈಗೆ ಒಗ್ಗಿತೇ? ಅತ್ತಿಗೆಯ ಬೆನ್ನುನೋವು ಹೇಗಿದೆ? ನೀನಂತೂ ಊಟ ಬಿಟ್ಟು ಬರೀ ಚಹಾದ ಮೇಲೆ ಓಡಾಡುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ. ಇಲ್ಲಿ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಚ್ಚಲಿನವರೆಗೆ ನಡೆಯುತ್ತಾಳೆ. ಸೊಂಟಕ್ಕೆ ಹಾಕಿದ ರಾಡು ಸರಿಯಾಗಿ ಕೂತಿದೆಯಂತೆ. ಹೊಲಿಗೆ ಯಂತ್ರ ತುಳಿಯುವುದು ಮಾತ್ರ ಇನ್ನು ಆಗದು ಎಂದರು ಡಾಕ್ಟರು. ಅದಕ್ಕೂ ಅವಳು, "ಕೈ ಇದೆಯಲ್ಲ, ಗುಂಡಿ ಹಾಕ್ಕೊಂಡು ಕೂತ್ಕೋತೀನಿ ಬಿಡಿ" ಅಂದಳು. ಅಮ್ಮ ಹೋದ ಮೇಲೆ ಆ ಯಂತ್ರ ತುಳಿದೇ ಅವಳು ನಮ್ಮಿಬ್ಬರನ್ನೂ ಸಾಕಿದ್ದು. ನಿನ್ನ ಫೋನು ಬಂತೇ ಅಂತ ದಿನವೂ ಕೇಳುತ್ತಾಳೆ. ನಾನು ಫೋನು ಮಾಡಿದರೆ ಹೇಳಬೇಕಾದ್ದು ಬಿಟ್ಟು ಬೇರೆಲ್ಲ ಮಾತಾಡಿಬಿಡುತ್ತೇನೆ, ಅದಕ್ಕೇ ಕಾಗದ ಹಿಡಿದಿದ್ದೇನೆ.

ಚಿಕ್ಕಮ್ಮ ಬಿದ್ದ ಆ ಬೆಳಿಗ್ಗೆಯಿಂದಲೇ ಬರೆಯುತ್ತೇನೆ. ಕೆಲವು ನಿನಗೆ ಗೊತ್ತಿರುವುದೇ, ಆದರೂ ಓದು. ಯಾವಾಗಲೂ ಬೀದಿಯಲ್ಲಿ ನಿಂತು ಹಾರನ್ ಬಾರಿಸುವ ನೀನು ಅಂದು ಕಾರನ್ನು ಸೀದಾ, ನಾನು ಗಾಡಿಗಳಿಗೆ ಬಣ್ಣ ಹಾಕುವ ಶೆಡ್ಡಿನೊಳಗೆ ತಂದು ಬಾಗಿಲು ಎಳೆದುಕೊಂಡೆ. "ಪಾರ್ಕಿಂಗ್ ಕಂಬಕ್ಕೆ ಸವರ್ಕೊಂಡ್ತು ಗುಬ್ಬಿ, ನಿಮ್ಮತ್ತಿಗೆ ನೋಡಿದ್ರೆ ತಲೆ ತಿಂತಾಳೆ" ಅಂದೆ. ನಾನು ನಕ್ಕೆ. ಎಡಬಾಗಿಲಿನ ಗೀರುಗಳ ಮೇಲೆ ಉಗುರು ಆಡಿಸಿ ನೋಡಿದೆ. ಬಹಳ ಕಡೆ ಉಗುರು ಜಾರಿಹೋಯಿತು, ಒಂದು ಕಡೆ ಮಾತ್ರ ಸಿಕ್ಕಿಕೊಂಡಿತು. ಗೀರಿನ ತುಂಬ ಆಕಾಶನೀಲಿ ಬಣ್ಣ ಮೆತ್ತಿಕೊಂಡಿತ್ತು. ಕಂಬಕ್ಕೆ ನೀಲಿ ಬಳಿದಿದ್ದರು ಅಂತ ನೀನು ಅಂದೆ, ಸರಿ ಅಂತ ನಾನು ಅಂದುಕೊಂಡೆ. ಚಿಕ್ಕಮ್ಮನ ಸ್ಕೂಟರಿನದೂ ಅದೇ ನೀಲಿ, ಆದರೆ ಲೋಕದಲ್ಲಿ ನೀಲಿಗೇನು ಬರವೇ? ಥಿನ್ನರ್ ಬಟ್ಟೆಯಲ್ಲಿ ಅದನ್ನೆಲ್ಲ ಒರೆಸಿದೆ. ಸೋಪು ನೀರು ಹಚ್ಚಿ ನುಣುಪು ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿದೆ. ಆಳದ ಗೀರಿಗೆ ಸಣ್ಣ ಕುಂಚದಿಂದ ಕೆಂಪು ತುಂಬಿ, ದೀಪದ ಶಾಖಕ್ಕೆ ಒಣಗಿಸಿ, ಮೇಲೆ ಹೊಳಪಿಗೆ ಲ್ಯಾಕರ್ ಬಳಿದು ಪಾಲಿಶ್ ಕೊಟ್ಟೆ. ಬಾಗಿಲು ಕನ್ನಡಿಯಂತಾಯಿತು. ನೀನು ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚಿಕೊಂಡೆ.

ಪಾಲಿಶ್ ಬಟ್ಟೆ ಇನ್ನೂ ಕೈಯಲ್ಲಿದ್ದಾಗಲೇ ಆಸ್ಪತ್ರೆಯಿಂದ ಫೋನು ಬಂತು. ಬೆಳಗಿನ ಮಂಜಿನಲ್ಲಿ, ಹೊಲಿದ ಬಟ್ಟೆ ಕೊಡಲು ಸ್ಕೂಟರಿನಲ್ಲಿ ಹೊರಟಿದ್ದ ಚಿಕ್ಕಮ್ಮನಿಗೆ ಹಿಂದಿನಿಂದ ಯಾವುದೋ ಗಾಡಿ ತಾಗಿಸಿ ನಿಲ್ಲದೆ ಹೋಗಿತ್ತು. ಅವಳ ಫೋನು ಒಡೆದಿದ್ದರಿಂದ ನಮಗೆ ಸುದ್ದಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ನಿನ್ನ ಮುಖ ಬಿಳಿಚಿಕೊಂಡಿತು. ಎಷ್ಟು ಪ್ರೀತಿ ಇವನಿಗೆ ಅಂದುಕೊಂಡೆ ನಾನು, ಪೆದ್ದಿ. ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ನೀನು ಅವಳ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದು ಕೊಡುತ್ತಾ, "ಅವನು ನನ್ ಕೈಗೆ ಸಿಗ್ಲಿ ಚಿಕ್ಕಮ್ಮ, ಬಿಡಲ್ಲ" ಅಂದೆ. ಅವಳು ನಿನ್ನ ತಲೆ ಸವರಿದಳು.

ಅವಳಿಗೆ ಕಂಡದ್ದು ಬರೀ ಕೆಂಪು ಬಣ್ಣ. ಆ ಹೊತ್ತಿಗೆ ಆ ದಾರಿಯಲ್ಲಿ ಓಡಾಡುವ ಕೆಂಪು ಗಾಡಿ ಬೇಕರಿಯವರ ವ್ಯಾನು ಅಂತ ಯಾರೋ ಹೇಳಿದರು, ಎಲ್ಲರೂ ಹೌದು ಹೌದು ಅಂದರು. ಪೊಲೀಸರು ವ್ಯಾನಿನ ಡ್ರೈವರನ್ನು ಮತ್ತೆ ಮತ್ತೆ ಕರೆಸಿದರು, ಬೇಕರಿಯವರು ಕೆಲಸ ಬಿಡಿಸಿದರು. ಆತ ನಮ್ಮ ಶೆಡ್ಡಿಗೂ ಬಂದಿದ್ದ. "ನೀವು ಈ ಕೆಲ್ಸ ಮಾಡೋರು, ಒಂದ್ಸಲ ಬಂದು ವ್ಯಾನು ನೋಡಿ ಹೇಳಿ, ಎಲ್ಲಾದ್ರೂ ಗೀರಿದೆಯಾ" ಅಂತ ಕೈಮುಗಿದ. ಉಜ್ಜಿಸಿಕೊಂಡು ಬಂದಿರುತ್ತೀಯ ಅಂತ ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದೆ.

ಹೋದ ವಾರ ಠಾಣೆಯವರು ಸ್ಕೂಟರ್ ವಾಪಸು ಕೊಟ್ಟರು. ಹೊಸದರ ಹಾಗೆ ಮಾಡಿ ಚಿಕ್ಕಮ್ಮನಿಗೆ ತೋರಿಸೋಣ ಅಂತ ತೊಳೆಯಲು ಕೂತೆ. ಹಿಂದಿನ ಬಲಗಡೆ ತಗಡಿನ ಮೇಲೆ ಕೆಂಪು ಮೆತ್ತಿತ್ತು. ನೋಡಿದ ಕೂಡಲೇ ಗುರುತು ಹತ್ತಿತು ಅಣ್ಣಾ. ನಿನ್ನ ಕಾರು ಬಿಸಿಲಿಗೆ ಮಾಸಿ ಅಂಗಡಿಯ ಯಾವ ಕೆಂಪೂ ಹೊಂದದಿದ್ದಾಗ, ಕಪ್ಪು, ಕಂದು ಬೆರೆಸಿ ಬೆರೆಸಿ ನಾನು ಮಾಡಿಕೊಟ್ಟ ಬಣ್ಣ ಅದು. ಹೋದ ವರ್ಷ ಆ ಎಡಬಾಗಿಲಿಗೆ ಬಳಿದವಳೂ ನಾನೇ. ಉಳಿದಿದ್ದ ಆ ಬಣ್ಣದ ಡಬ್ಬಿ ಇಳಿಸಿ ಕಲೆಯ ಪಕ್ಕ ಒಂದು ಚುಕ್ಕೆ ಇಟ್ಟು ನೋಡಿದೆ. ಒಣಗಿದ ಮೇಲೆ ಯಾವುದು ಹಳೆಯದು, ಯಾವುದು ಹೊಸದು ಅಂತ ನನಗೇ ತಿಳಿಯಲಿಲ್ಲ.

ಮಂಜಿನಲ್ಲಿ ಅವಳೆಂದು ಗೊತ್ತಾಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಹೆದರಿ ಓಡಿದೆ, ಅದನ್ನೂ ಹೇಗೋ ನುಂಗಿಕೊಂಡೇನು. ಫೋನು ಬಂದ ಮೇಲೆ ಗೊತ್ತಾಯಿತಲ್ಲ? ಬೇರೆ ಗ್ಯಾರೇಜಿಗೆ ಹೋಗಿದ್ದರೆ ಅಲ್ಲಿ ಯಾರಾದರೂ ಏನಾಯಿತು, ಎಲ್ಲಿ ಆಯಿತು ಅಂತ ಕೇಳುತ್ತಿದ್ದರು. ಗುಬ್ಬಿ ಕೇಳುವುದಿಲ್ಲ, ಅಣ್ಣ ಹೇಳಿದ್ದನ್ನು ನಂಬುತ್ತಾಳೆ ಅಂತ ಗೊತ್ತಿದ್ದೇ ನನ್ನ ಹತ್ತಿರ ಬಂದೆ. ಚಿಕ್ಕಮ್ಮನ ಗುರುತನ್ನು ನನ್ನ ಕೈಯಿಂದಲೇ ಒರೆಸಿಸಿದೆ. ಆಮೇಲೆ ಹದಿನೈದು ದಿನದೊಳಗೆ ವರ್ಗ ಕೇಳಿಕೊಂಡು ಹೊರಟೇಹೋದೆ. ನಾನು ದಾರಿಗೆ ಬುತ್ತಿ ಕಟ್ಟಿಕೊಟ್ಟೆ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಒಂದೊಂದು ಮುತ್ತು ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು. ಇಷ್ಟೆಲ್ಲ ಆದರೂ ನೀನು ಸೊರಗಿದರೆ ನನಗೆ ಸಂಕಟವೇ.

ನಿನ್ನ ತಂಗಿ,
ಗುಬ್ಬಿ

ಕವರು ಅಂಟಿಸುವ ಮುಂಚೆ: ಸ್ಕೂಟರಿನ ಆ ಕಲೆಯನ್ನು ನಾನು ಒರೆಸಿಲ್ಲ. ಇವತ್ತು ಬೆಳಿಗ್ಗೆ ವ್ಯಾನ್ ಡ್ರೈವರನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನ ಹೆಂಡತಿ ಅತ್ತಳು. ನಾಳೆ ಅವನ ಜೊತೆ ಠಾಣೆಗೆ ಹೋಗುತ್ತೇನೆ, ಒರೆಸಿದವಳು ನಾನು ಅಂತಲೂ ಹೇಳುತ್ತೇನೆ. ಇದು ನಿನ್ನ ಕೈ ಸೇರುವಾಗ ಅದು ಮುಗಿದಿರುತ್ತದೆ. ಚಿಕ್ಕಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಅದನ್ನು ನೀನೇ ಬಂದು, ಅವಳ ಎದುರು ಕೂತು ಹೇಳಬೇಕು.