ಬಿಟ್ಟುಬಿಡುವ ಮಾತುಗಳು

ಇಬ್ರಾಹಿಂಪುರ, ವಿಜಯಪುರ
೯ ಮಾರ್ಚ್ ೨೦೨೫

ಅಪ್ಪಾ,

ಶರಣು. ಕಾಗದ ತಡವಾಯಿತು, ಸಿಟ್ಟಾಗಬೇಡ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಗೋಳಗುಮ್ಮಟದವರೆಗೆ ನಡೆದುಬಿಡುತ್ತೇನೆ. ಬಬಲೇಶ್ವರದಲ್ಲಿ ದ್ರಾಕ್ಷಿ ಒಣಹಾಕಿದಿರಂತೆ, ಅವ್ವ ಹೇಳಿದಳು. ಅವಳ ಮೊಣಕಾಲು ಹೇಗಿದೆ?

ನನ್ನ ಕೆಲಸ ಏನೆಂದು ಅವ್ವನಿಗೆ ತಿಳಿಸಲಾಗಲಿಲ್ಲ, ನಿನಗೆ ಹೇಳುತ್ತೇನೆ. ಇಷ್ಟು ಬಾಕ್ಸ್ ಒಣದ್ರಾಕ್ಷಿ ಇಡಬೇಕೆಂದು ರೈತರು ತಿಕೋಟಾದ ಕೋಲ್ಡ್ ಸ್ಟೋರೇಜಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾರಲ್ಲ, ಅದನ್ನು ಓದುವುದು ಪಾರ್ಸರ್ ಎಂಬ ಪ್ರೋಗ್ರಾಂ. ಆ ಪಾರ್ಸರನ್ನು ಕಂಪ್ಯೂಟರಿನ ಒಂದು ಟೂಲ್ ತಾನೇ ಕಟ್ಟಿಕೊಡುತ್ತದೆ. ಆದರೆ ಹೆಸರು, ಊರು, ಬಾಕ್ಸು ಯಾವ ಕ್ರಮದಲ್ಲಿ ಬರಬಹುದೆಂದು ಟೂಲಿಗೆ ಮೊದಲು ನಿಯಮ ಬರೆದುಕೊಡಬೇಕು. ಆ ಗ್ರಾಮರ್ ಫೈಲು ಬರೆಯುವವಳು ನಾನು. ಸಾಲಿ ಅರ್ಧಕ್ಕೇ ಬಿಟ್ಟವಳೆಂದು ಇಲ್ಲಿ ಯಾರಿಂದಲೂ ಮುಚ್ಚಿಟ್ಟಿಲ್ಲ.

ನಮ್ಮವರು ಯಾರೂ ನೇರ ವಿಷಯಕ್ಕೆ ಬರುವುದಿಲ್ಲ. ನಮಸ್ಕಾರ್ರಿ, ಊಟ ಆತೇನ್ರಿ, ಆರಾಮ ಅದೀರಿಲ್ಲೋ, ಆಮೇಲೆ ಬಾಕ್ಸು. ಪಾರ್ಸರ್ ಮೊದಲ ಮಾತಿಗೇ ಮುಗ್ಗರಿಸುತ್ತಿತ್ತು. ಜಲನಗರದ ನಮ್ಮ ಆಫೀಸಿನ ಒಡತಿ ಶಾಹಿಸ್ತಾ ಮೇಡಂ ನಕ್ಕರು. "ಯವ್ವಾ, ಯಂತ್ರಕ್ಕ ಎಲ್ಲಿ ಊಟ? ಅವೆಲ್ಲಾ ಬಿಟ್ಟುಬಿಡೂ ಮಾತು ಅಂತ ಬರಿ." ಖಾಲಿ ಜಾಗದ ಹಾಗೆ ಕೆಲವು ಮಾತು ನೋಡದೆ ದಾಟಿಹೋಗು ಎನ್ನುವ ನಿಯಮವೊಂದಿದೆ. ಬರೆದೆ. ಕೆಲಸ ಓಡಿತು, ಬೆನ್ನು ತಟ್ಟಿದರು.

ಶುಕ್ರವಾರ ಆ ನಿಯಮ ಕಿತ್ತುಹಾಕಿದೆ. ಬರೀ ಊಟ ಆತೇನೆಂದು ಕೇಳಿ ಬಂದ ಸಂದೇಶವನ್ನು ಮನುಷ್ಯರು ಓದಿ ಉತ್ತರಿಸಬೇಕೆಂದು ಹೊಸದು ಬರೆದೆ. ದಿನವಿಡೀ ಅದನ್ನು ಓದುತ್ತ ಯಾರು ಕೂರುತ್ತಾರೆ, ಸೋಮವಾರ ಹಳೆಯದನ್ನು ಹಾಕು, ಇಲ್ಲವೇ ಬೇರೆ ಕೆಲಸ ನೋಡಿಕೋ ಅಂದರು ಮೇಡಂ. ಹಾಕುವುದಿಲ್ಲ ಅಂದೆ. "ಈ ಹಟ ನಿಮ್ಮಪ್ಪಂದ ಇರಬೇಕು" ಅಂದರು. ಹೌದ್ರಿ ಅಂದೆ.

ಅವ್ವನಿಗೆ ಶರಣು. ದ್ರಾಕ್ಷಿ ಒಣಗುವ ತನಕ ನಿನ್ನ ತಲೆಯ ಮೇಲೆ ಮೋಡ ಬಾರದಿರಲಿ.

ನಿನ್ನ ಮಗಳು,
ವಿದ್ಯಾವತಿ

ತಾ.ಕ.: ನಾನು ಸಾಲಿ ಬಿಟ್ಟ ದಿನ, ಇನ್ನು ನನ್ನ ನಂಬರಿಗೆ ಫೋನ್ ಹಚ್ಚುವುದಿಲ್ಲ ಎಂದು ನೀನು ಆಣೆ ಇಟ್ಟಿದ್ದೆ. ಆಣೆ ಮುರಿಯದೆ, ಅಲ್ಲಿಯ ಸಂದೇಶದ ಕೆಲಸ ನನ್ನದೆಂದು ಅವ್ವನಿಂದ ತಿಳಿದು, ಸ್ಟೋರೇಜಿನ ನಂಬರಿಗೆ ಕಳಿಸಿದ್ದೀಯ: "ಊಟ ಆತೇನವಾ? ಆರಾಮ ಅದಿಯಿಲ್ಲೋ?" ಅದು ನನ್ನ ಕಣ್ಣಿಗೆ ಬಿದ್ದದ್ದು ಶುಕ್ರವಾರ. ಅಷ್ಟರಲ್ಲಿ ಪಾರ್ಸರ್ ಎಲ್ಲವನ್ನೂ ದಾಟಿ ನಿನಗೆ ಉತ್ತರ ಕಳಿಸಿಯಾಗಿತ್ತು: ನಿಮ್ಮ ಸಂದೇಶದಲ್ಲಿ ಏನೂ ಇಲ್ಲ. ಆ ಸಾಲನ್ನು ಬರೆದಿಟ್ಟವಳೂ ನಾನೇ.

ಇಲ್ಲಪಾ, ಇನ್ನೂ ಆಗಿಲ್ಲ. ನಿಂದು ಆತೇನು?